ವರ್ಷಕ್ಕೊಮ್ಮೆ ತೆರೆಯುವ ಗೇಟು

ಮೊನ್ನೆ ಬೆಳಿಗ್ಗೆ ಮೊಮ್ಮಗಳು ಸಹನಾ ಹಳೆಯ ಗಾದಿಯ ಹತ್ತಿ ಹಿಂಜಿಸಲು ಒಬ್ಬನನ್ನು ಕರೆದುಕೊಂಡು ಬಂದಳು. ಈಗಿನವರು ಮೊದಲಿನಂತೆ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಬರುವುದಿಲ್ಲ. ಆಟೋದ ಹಿಂದೆ ಒಂದು ಪುಟ್ಟ ಯಂತ್ರವನ್ನೇ ಕೂರಿಸಿಕೊಂಡು ಬರುತ್ತಾರೆ. ಅವನು ಅಂಗಳದಲ್ಲಿ ಯಂತ್ರ ಶುರು ಮಾಡಿದ್ದೇ ತಡ, ಗಟ್ಟಿಯಾಗಿ ಕೂತಿದ್ದ ಹತ್ತಿ ಬಿಡಿಬಿಡಿಯಾಗಿ ಹಾರತೊಡಗಿತು. ಕಿಟಕಿಯ ಸರಳಿಗೆ, ತುಳಸಿ ಗಿಡಕ್ಕೆ, ಒಣಹಾಕಿದ ಬಟ್ಟೆಗೆಲ್ಲ ಬಿಳಿಯ ನೂಲೆಳೆ ಅಂಟಿಕೊಂಡಿತು. ಬಿಸಿಯಾದ ಯಂತ್ರದ ಎಣ್ಣೆ, ಹತ್ತಿಬೀಜದ ಒಗರು, ಒಣ ಧೂಳು ಮೂರೂ ಕೂಡಿದ ಒಂದು ವಾಸನೆ ಒಳಗೆ ಬಂತು. ಸೆರಗಿನಿಂದ ಮೂಗು ಮುಚ್ಚಿಕೊಳ್ಳಬೇಕಾದವಳು ನಾನು ಎದೆ ತುಂಬ ಉಸಿರೆಳೆದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ.

"ಅಜ್ಜಿ, ಒಳಗೆ ಬಾ. ಆಮೇಲೆ ಕೆಮ್ಮು ಬರ್ತೈತೆ," ಎಂದಳು ಸಹನಾ.

ಒಳಗೆ ಬಂದೆ. ಆದರೆ ಮನಸ್ಸು ಬರಲಿಲ್ಲ. ಅದು ಆಗಲೇ ಈ ಊರಿನದೇ ಇನ್ನೊಂದು ಓಣಿಗೆ, ಸುಮಾರು ಅರವತ್ತು ವರ್ಷ ಹಿಂದಕ್ಕೆ ಹೋಗಿ ನೀಲಮ್ಮ ಚಿಕ್ಕಮ್ಮನ ಮನೆಯ ಕಟ್ಟೆಯ ಮೇಲೆ ಕೂತಿತ್ತು.

ನೀವು ಆ ಕಾಲದ ದಾವಣಗೆರೆಯನ್ನು ನೋಡಿಲ್ಲದಿದ್ದರೆ ಒಂದು ಮಾತು ಹೇಳಬೇಕು. ಆಗ ಈ ಊರಿಗೆ ಗಡಿಯಾರ ಬೇಕಿರಲಿಲ್ಲ. ಒಂದಾದ ಮೇಲೊಂದು ಬಟ್ಟೆ ಮಿಲ್ಲುಗಳು ಕೂಗುತ್ತಿದ್ದವು. ಒಂದರ ಕೂಗು ಎಮ್ಮೆಯಂತೆ ದಪ್ಪ, ಇನ್ನೊಂದರದು ನವಿಲಿನಂತೆ ಚೂಪು. ಹೆಂಗಸರು ಕೂಗು ಕೇಳಿ ಒಲೆ ಹಚ್ಚುತ್ತಿದ್ದರು, ಕೂಗು ಕೇಳಿ ರೊಟ್ಟಿ ತಟ್ಟುತ್ತಿದ್ದರು. ಪಾಳಿ ಬಿಟ್ಟಾಗ ಬೀದಿ ತುಂಬ ಗಂಡಸರು ಬರುತ್ತಿದ್ದರು, ಎಲ್ಲರ ತಲೆ ಹುಬ್ಬು ಮೀಸೆ ಬೆಳ್ಳಗೆ. ಹರಿಹರದಿಂದ ಮೊದಲ ಸಲ ಬಂದಾಗ ನಾನು, "ಈ ಊರಿನಾಗೆ ಎಲ್ಲಾರೂ ಇಷ್ಟು ಬೇಗ ಮುದುಕರಾಗ್ತಾರೇನವ್ವ?" ಎಂದು ಕೇಳಿದ್ದೆನಂತೆ. ಮನೆಯವರು ಈ ಮಾತನ್ನು ನನ್ನ ಮದುವೆಯಲ್ಲೂ ಹೇಳಿ ನಕ್ಕರು.

ನೀಲಮ್ಮ ಚಿಕ್ಕಮ್ಮ ನನ್ನ ಅವ್ವನ ತಂಗಿ. ಚಿಕ್ಕಪ್ಪ ವೀರಭದ್ರಪ್ಪ ಅಂಥ ಒಂದು ಮಿಲ್ಲಿನಲ್ಲಿ ಹತ್ತಿ ಹಿಂಜುವ ಯಂತ್ರಗಳ ಶೆಡ್ಡಿನಲ್ಲಿದ್ದರು. ಒತ್ತಿ ಕಟ್ಟಿದ ಮೂಟೆ, ಅಂದರೆ ಬೇಲು, ಬಿಚ್ಚಿದ ಮೇಲೆ ಹತ್ತಿ ಮೊದಲು ಹೋಗುವುದೇ ಅಲ್ಲಿಗೆ. ಕಸ, ಕಡ್ಡಿ, ಧೂಳು ಎಲ್ಲ ಉದುರುವುದೂ ಅಲ್ಲಿಯೇ. ಅವರಿಗೆ ಮಕ್ಕಳಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ರೇಗಿಸಿಕೊಂಡು, ಸಂಜೆ ಮಂಡಕ್ಕಿ ಕಲಸಿಕೊಂಡು, ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದ ಜೋಡಿ. ಗಂಡ ಹೆಂಡತಿ ಒಂದೇ ತಟ್ಟೆಯಲ್ಲಿ ತಿನ್ನುವುದನ್ನು ನಮ್ಮ ಮನೆಯಲ್ಲಿ ನಾನು ಕಂಡಿರಲಿಲ್ಲ. ಹಾಗಾಗಿ ಅವರ ಮನೆ ನನಗೆ ಸಿನಿಮಾಕ್ಕಿಂತ ಹೆಚ್ಚು ಇಷ್ಟವಾಗುತ್ತಿತ್ತು.

ಮಿಲ್ಲು ದೊಡ್ಡದಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಹೊಸ ಷೇರುಗಳನ್ನು ಮಾರಿದರು. ಸುತ್ತಲಿನ ಹಳ್ಳಿಯ ರೈತರೂ ಕೊಂಡರು, ಪೇಟೆಯ ವರ್ತಕರೂ ಕೊಂಡರು. ಕೆಲಸಗಾರರಲ್ಲಿ ಕೊಂಡವರು ಬಲು ಅಪರೂಪ. ಆ ಅಪರೂಪದವರಲ್ಲಿ ಚಿಕ್ಕಪ್ಪ ಒಬ್ಬರು. ಹೊಸ ಸೈಕಲ್ಲಿಗೆಂದು ಕೂಡಿಟ್ಟದ್ದನ್ನು ಷೇರಿಗೆ ಹಾಕಿ, ಮೊದಲಿನಂತೆ ನಡೆದುಕೊಂಡೇ ಕೆಲಸಕ್ಕೆ ಹೋದರು.

ಆ ಮೇಲೆ ಅವರ ತಮಾಷೆಗೆ ಮಿತಿಯೇ ಉಳಿಯಲಿಲ್ಲ. ರಜೆಯ ದಿನ ಕಾಲ ಮೇಲೆ ಕಾಲು ಹಾಕಿ ಕೂತು, "ಆರು ದಿನ ಆಳು, ಇವತ್ತೊಂದು ದಿನ ಮಾಲೀಕ. ಚಾ ತಗಂಬಾ," ಎನ್ನುತ್ತಿದ್ದರು. ಒಮ್ಮೆ ನಾವು ಮೂವರೂ ಮಿಲ್ಲಿನ ಕಾಂಪೌಂಡಿನ ಪಕ್ಕದಲ್ಲಿ ನಡೆದು ಹೋಗುವಾಗ ಅವರು ಗೋಡೆಯ ಮೇಲೆ ಅಂಗೈ ಬಡಿದರು.

"ಇದು ನಂದು."

"ಯಾವ ಇಟ್ಟಿಗೆ ನಿಮ್ದು? ತೋರ್ಸ್ರಿ ನೋಡಾನ," ಎಂದಳು ಚಿಕ್ಕಮ್ಮ.

"ಇದೇ ಅಂತ ತೋರ್ಸಾಕೆ ಬರಂಗಿಲ್ಲ ಕಣೆ. ಅದ್ಕೇ ಎಲ್ಲಾದ್ರಾಗೂ ಒಂದೀಟು ನಂದೈತೆ."

ಷೇರು ಎಂದರೆ ಏನೆಂದು ಆ ಮೇಲೆ ಕಾಲೇಜಿನಲ್ಲಿ ಓದಿದೆ, ಪರೀಕ್ಷೆಯಲ್ಲಿ ಬರೆದೆ, ಅಂಕವೂ ಬಂತು. ಚಿಕ್ಕಪ್ಪ ಗೋಡೆ ತಟ್ಟಿ ಹೇಳಿದಷ್ಟು ಚೆನ್ನಾಗಿ ಯಾವ ಪುಸ್ತಕವೂ ಹೇಳಿರಲಿಲ್ಲ.

ಚಿಕ್ಕಪ್ಪನ ಕೆಮ್ಮು ಯಾವಾಗ ಶುರುವಾಯಿತೋ ಯಾರಿಗೂ ನೆನಪಿಲ್ಲ. ಮೊದಮೊದಲು ಅದು ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ದಿನ ಮಾತ್ರ ಬರುತ್ತಿತ್ತು, ಎದೆ ಬಿಗಿಯುತ್ತಿತ್ತು. ಆ ಮೇಲೆ ದಿನವೂ ಬರತೊಡಗಿತು. ಕೊನೆಗೆ ಹಾಸಿಗೆಯಲ್ಲಿ ಮಲಗಲಾಗದೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವ ಸ್ಥಿತಿ ಬಂತು. ವೈದ್ಯರು ಶ್ವಾಸಕೋಶಕ್ಕೆ ಧೂಳು ಇಳಿದಿದೆ ಎಂದರು. ಚಿಕ್ಕಪ್ಪ ತೀರಿಕೊಂಡಾಗ ತಲೆಗೂದಲು ನಿಜವಾಗಿಯೂ ಇನ್ನೂ ಕಪ್ಪಾಗಿತ್ತು.

ಅದರ ಮರುವರ್ಷವೇ ನಾನು ಕಾಲೇಜಿಗೆಂದು ದಾವಣಗೆರೆಗೆ ಬಂದು ಚಿಕ್ಕಮ್ಮನ ಮನೆಯಲ್ಲಿ ನಿಂತೆ. ಶನಿವಾರ ರೈಲು ಹತ್ತಿ ಹರಿಹರಕ್ಕೆ, ಸೋಮವಾರ ಮತ್ತೆ ಇಲ್ಲಿಗೆ. ಚಿಕ್ಕಮ್ಮ ಹಳ್ಳಿಗಳಿಂದ ಬಂದು ಮಿಲ್ಲಿನಲ್ಲಿ ದುಡಿಯುತ್ತಿದ್ದ ಕೆಲವು ಗಂಡಸರಿಗೆ ರೊಟ್ಟಿ ಪಲ್ಯ ಮಾಡಿ ಹಾಕಿ ಜೀವನ ಮಾಡುತ್ತಿದ್ದಳು. ನಾನು ಓದುತ್ತೇನೆಂದು ಹೇಳಿ ಅವಳ ರೊಟ್ಟಿಯ ಸದ್ದಿಗೆ ತೂಕಡಿಸುತ್ತಿದ್ದೆ.

ಚಿಕ್ಕಪ್ಪನ ಷೇರುಗಳು ಅವಳ ಹೆಸರಿಗೆ ಬಂದಿದ್ದವು. ಆ ವರ್ಷ ಬಟ್ಟೆಗೆ ಒಳ್ಳೆಯ ಬೇಡಿಕೆ ಇತ್ತು, ಷೇರಿನ ದರ ಏರಿತ್ತು. ನನ್ನ ಅಪ್ಪ ಹರಿಹರದಲ್ಲಿ ಶಾಲಾ ಮಾಸ್ತರರು. ಅವರ ಪ್ರಕಾರ ಷೇರುಪೇಟೆಯೂ ಇಸ್ಪೀಟಿನ ಅಡ್ಡೆಯೂ ಒಂದೇ. ಏರಿದಾಗಲೇ ಮಾರಿ ಎಲ್ಲಾದರೂ ಒಂದು ತುಂಡು ಗದ್ದೆ ಹಿಡಿ ಎಂದು ಅವರು ನಾದಿನಿಗೆ ಹೇಳಿ ಹೇಳಿ ಸಾಕಾಗಿ, ಒಂದು ದಿನ ತಾವೇ ಬಂದು ನಮ್ಮಿಬ್ಬರನ್ನೂ ಮಂಡಿಪೇಟೆಗೆ ಕರೆದುಕೊಂಡು ಹೋದರು.

ಷೇರುಪೇಟೆ ಎಂದರೆ ನೀವು ದೊಡ್ಡ ಕಟ್ಟಡ, ಕೂಗಾಟ, ಕೈಸನ್ನೆ ಎಂದೆಲ್ಲ ಅಂದುಕೊಳ್ಳುತ್ತೀರಿ. ನಮಗೆ ಅದು ಒಂದು ಹತ್ತಿ ಅಂಗಡಿಯ ಜಗುಲಿ. ಅಲ್ಲಿ ಬಸಣ್ಣ ಎಂಬ ದಲಾಲ ದಿಂಬಿಗೊರಗಿ ಕೂತು, ಪೇಪರಿನಲ್ಲಿ ಬಂದ ಮುಂಬಯಿ ದರವನ್ನೂ ಊರಿನ ಸುದ್ದಿಯನ್ನೂ ಎಲೆಅಡಿಕೆಯ ಜೊತೆ ಅಗಿದು, ಯಾರ ಷೇರು ಯಾರಿಗೆ ಹೋಗಬೇಕೆಂದು ಕುದುರಿಸುತ್ತಿದ್ದ. ಒಳ್ಳೆಯ ಮನುಷ್ಯ. ನಮ್ಮನ್ನು ಕಂಡು ಚಾಪೆ ಹಾಸಿಸಿದ.

"ಕೂಡ್ರಿ ಮಾಸ್ತರ್ರೇ, ಕೂಡ್ರವ್ವ. ಇದು ಮಾರೋ ಟೈಮು ನೋಡ್ರಿ. ಏರಿದ್ದು ಇಳಿಯಾಕೆ ಹೊತ್ತು ಬೇಕಾಗಂಗಿಲ್ಲ."

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡಳು. "ಒಂದು ಮಾತು ಕೇಳ್ಲೇನಣ್ಣ? ಷೇರು ಇದ್ದೋರನ್ನ ವರ್ಷಕ್ಕೊಂದು ದಿನ ಮಿಲ್ಲಿನಾಗೆ ಮೀಟಿಂಗಿಗೆ ಕರೀತಾರಂತೆ, ಖರೇನಾ?"

"ಹೌದವ್ವ. ಮಾಲೀಕರು ನೀವು. ಕರೀಲೇಬೇಕು."

"ಮಾರಿದ ಮ್ಯಾಲೆ?"

"ಮಾರಿದ ಮ್ಯಾಲೆ ಯಾಕ ಕರೀತಾರೆ? ಕೊಂಡವ್ನು ಹೋಗ್ತಾನೆ."

"ಹಂಗಾರೆ ಬ್ಯಾಡ," ಎಂದು ಚಿಕ್ಕಮ್ಮ ಎದ್ದೇಬಿಟ್ಟಳು.

ಅಪ್ಪ ದಾರಿಯುದ್ದಕ್ಕೂ ಸಿಟ್ಟು ಮಾಡಿದರು. ಮೀಟಿಂಗಿಗೆ ಹೋಗಿ ನೀನು ಮಾಡುವುದೇನು ಎಂದರು. ಚಿಕ್ಕಮ್ಮ ಮುಂದೆ ಮುಂದೆ ನಡೆದಳು. ಮನೆಗೆ ಬಂದು ಅಪ್ಪ ಹೊರಟುಹೋದ ಮೇಲೆ ಕಟ್ಟೆಯ ಮೇಲೆ ಕೂತು ನನಗೆ ಮಾತ್ರ ಹೇಳಿದಳು.

"ಅವರು ಅಷ್ಟು ವರ್ಷ ಆ ಗೇಟಿನಾಗೆ ಹೋದರು, ಬಂದರು. ನಾನು ಬುತ್ತಿ ತಗಂಡು ಹೋದರೆ ಕಾವಲಿನವ್ನು ಹೊರಗೇ ನಿಲ್ಲಿಸ್ತಿದ್ದ. ಅವರು ನಿಲ್ತಿದ್ದ ಜಾಗ ಹೆಂಗೈತೆ ಅಂತ ನಾನು ಒಂದು ದಿನಾನೂ ನೋಡಿಲ್ಲ ಕಣೆ. ಈಗ ಅವರೇ ನನಗೆ ಗೇಟು ತೆಗೆಸಿ ಕೊಟ್ಟು ಹೋಗ್ಯಾರೆ. ಅದನ್ನ ಮಾರ್ಲೇನು?"

ಡಿವಿಡೆಂಡೆಂಬ ಲಾಭದ ಪಾಲು, ದರ, ಏರಿಕೆ ಇಳಿಕೆ ಎಂದು ಜನ ಎಷ್ಟೋ ಕಾರಣಕ್ಕೆ ಷೇರು ಹಿಡಿದುಕೊಳ್ಳುತ್ತಾರೆ. ಗಂಡ ನಿಂತ ಜಾಗವನ್ನು ನೋಡಬೇಕೆಂದು ಹಿಡಿದುಕೊಂಡವರು ಇನ್ನು ಯಾರಾದರೂ ಇದ್ದರೋ ನನಗೆ ಗೊತ್ತಿಲ್ಲ.

ಮೀಟಿಂಗಿನ ದಿನ ಚಿಕ್ಕಮ್ಮ ಪೆಟ್ಟಿಗೆಯಿಂದ ತಿಳಿನೀಲಿ ಸೀರೆ ತೆಗೆದು ಉಟ್ಟಳು. ವರದಿ ಇಂಗ್ಲಿಷಿನಲ್ಲಿ ಇರುತ್ತದೆಂದು ನನ್ನನ್ನೂ ಹೊರಡಿಸಿದಳು. ಗೇಟಿನಲ್ಲಿ ಕಾವಲುಗಾರ ಅವಳ ಕೈಲಿದ್ದ ನೋಟೀಸು ನೋಡಿ ದಾರಿ ಬಿಟ್ಟ, ನನ್ನನ್ನು ತಡೆದ.

"ಷೇರು ಇದ್ದೋರು ಮಾತ್ರ ಒಳಗೆ."

"ಇಕೀ ನನ್ನ ಇಂಗ್ಲಿಷು," ಎಂದಳು ಚಿಕ್ಕಮ್ಮ. "ಇಕೀನ ಬಿಟ್ಟು ಹೆಂಗೆ ಹೋಗ್ಲಿ?"

ಅವನು ಪಕ್ಕಕ್ಕೆ ಸರಿದ. ಇಂಗ್ಲಿಷಾಗಿ ನಾನು ಒಳಗೆ ಹೋದೆ. ಹಾಗೆ ಹೋದ ಇಂಗ್ಲಿಷು ಆ ಸಲದ ಪರೀಕ್ಷೆಯಲ್ಲಿ ಅಂಚಿನಲ್ಲಿ ಪಾಸಾದದ್ದು ಎಂಬುದನ್ನು ಕಾವಲುಗಾರನಿಗೆ ಯಾರೂ ಹೇಳಲಿಲ್ಲ.

ಅಂಗಳದಲ್ಲಿ ಶಾಮಿಯಾನ ಹಾಕಿ ಕುರ್ಚಿ ಇಟ್ಟಿದ್ದರು. ಕೋಟು, ರುಮಾಲು, ಬಿಳಿ ಟೋಪಿಗಳ ನಡುವೆ ಹೆಂಗಸೆಂದರೆ ನಾವಿಬ್ಬರೇ. ಅಧ್ಯಕ್ಷರು ವಯಸ್ಸಾದ, ಗಂಭೀರವಾದ ಮನುಷ್ಯ. ವರದಿಯನ್ನು ಓದಿದ್ದಾಗಿದೆ ಎಂದು ತಿಳಿಯೋಣ ಎಂದರು. ಎಲ್ಲರೂ ತಿಳಿದರು. ಕೈ ಎತ್ತಿರಿ ಎಂದರು. ಎಲ್ಲರೂ ಎತ್ತಿದರು. ಚಿಕ್ಕಮ್ಮನೂ ಎತ್ತಿ, ಇಳಿಸುವ ಮುಂಚೆ ನನ್ನ ಕಿವಿಯಲ್ಲಿ ಕೇಳಿದಳು.

"ಯಾವುದಕ್ಕೆ ಎತ್ತಿದ್ದು?"

"ಅದೇ ಆಡಿಟರನ್ನ ಮತ್ತೆ ಇಟ್ಕಳಾಕೆ."

"ಚಲೋ ಮನುಷ್ಯನೇನವ?"

ನನಗೆ ಗೊತ್ತಿರಲಿಲ್ಲ. ನನ್ನ ಗಮನವೆಲ್ಲ ಪಕ್ಕದ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಖಾರಾ ಮತ್ತು ಮೈಸೂರುಪಾಕಿನ ಪೊಟ್ಟಣಗಳ ಮೇಲಿತ್ತು. ನೋಡನೋಡುತ್ತ ಮೀಟಿಂಗ್ ಮುಗಿಯಿತು. ಜನ ಪೊಟ್ಟಣದ ಕಡೆ ತಿರುಗಿದಾಗ ಚಿಕ್ಕಮ್ಮ ಮಾತ್ರ ನೇರವಾಗಿ ಕಂಪನಿಯ ಸೆಕ್ರೆಟರಿಯ ಹತ್ತಿರ ಹೋದಳು. ಕನ್ನಡಕದ ಹಿಂದೆ ಸದಾ ದಣಿದಂತೆ ಕಾಣುವ ಮೆತ್ತನೆ ಮನುಷ್ಯ ಅವರು.

"ಸಾಹೇಬ್ರ, ನಮ್ಮ ಮನೆಯವರು ಇಲ್ಲೇ ಇದ್ದರು. ಹತ್ತಿ ಹಿಂಜೋ ಶೆಡ್ಡಿನಾಗೆ. ಒಂದೀಟು ನೋಡಿ ಬರ್ಲೇನ್ರಿ?"

ಹಾಗೆ ತೋರಿಸುವ ಪದ್ಧತಿ ಇಲ್ಲ ಎನ್ನಲು ಅವರು ಬಾಯಿ ತೆರೆದವರು ಚಿಕ್ಕಮ್ಮನ ಮುಖ ನೋಡಿ, "ಬರ್ರಿ," ಎಂದು ತಾವೇ ಮುಂದೆ ನಡೆದರು.

ಆ ಶೆಡ್ಡನ್ನು ಹೇಗೆ ಹೇಳಲಿ? ಒಳಗೆ ಹಿಮ ಬೀಳುತ್ತಿದೆ ಎನ್ನಿಸಿತು, ನಾನು ಹಿಮ ಕಂಡವಳಲ್ಲದಿದ್ದರೂ. ಗಾಳಿಯೇ ಬೆಳ್ಳಗಿತ್ತು. ಆಚೆ ತುದಿಯ ಗೋಡೆ ಕಾಣುತ್ತಿರಲಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಆಕಾರಗಳು ಯಂತ್ರಗಳ ನಡುವೆ ಅತ್ತಿತ್ತ ಹೋಗುತ್ತಿದ್ದವು. ಸೆಕ್ರೆಟರಿ ಒಂದು ಯಂತ್ರವನ್ನು ತೋರಿಸಿ ಏನೋ ಕೂಗಿದರು, ಸದ್ದಿನಲ್ಲಿ ಕೇಳಿಸಲಿಲ್ಲ. ಚಿಕ್ಕಮ್ಮ ಅದರ ಪಕ್ಕದಲ್ಲಿ, ನೆಲ ಸವೆದು ತುಸು ತಗ್ಗಾದ ಕಡೆ ಹೋಗಿ ನಿಂತಳು. ಚಪ್ಪಲಿ ಬಿಟ್ಟು ನಿಂತಳು. ಕಣ್ಣು ಮುಚ್ಚಿದಳು. ಮೇಲಿನಿಂದ ಬಿಳಿಯ ಎಳೆಗಳು ಇಳಿದಿಳಿದು ಅವಳ ತಲೆಯ ಮೇಲೆ, ಹೆಗಲ ಮೇಲೆ ಕೂತವು. ಮನೆಗೆ ಬರುವ ತನಕ ಅವಳು ಅದನ್ನು ಕೊಡವಿಕೊಳ್ಳಲಿಲ್ಲ. ಬೀದಿಯಲ್ಲಿ ಜನ ನೋಡುತ್ತಿದ್ದರೂ ಹಾಗೆಯೇ ನಡೆದು ಬಂದಳು, ಸಂಜೆ ಪಾಳಿ ಬಿಟ್ಟು ಬರುವವರಂತೆ.

ಆ ದಿನ ರೊಟ್ಟಿ ಬಡಿಸುವಾಗ ಅವಳು ಹಾಡಿಕೊಳ್ಳುತ್ತಿದ್ದಳು. ಚಿಕ್ಕಪ್ಪ ಹೋದ ಮೇಲೆ ನಾನು ಅವಳ ಹಾಡು ಕೇಳಿದ್ದು ಅದೇ ಮೊದಲು.

ಕತೆ ಇಲ್ಲಿಗೇ ನಿಂತಿದ್ದರೂ ನಾನು ಚಿಕ್ಕಮ್ಮನನ್ನು ಇಷ್ಟೇ ನೆನೆಯುತ್ತಿದ್ದೆ. ಆದರೆ ನಿಲ್ಲಲಿಲ್ಲ. ಅವಳ ಮನೆಯಲ್ಲಿ ಊಟಕ್ಕೆ ಬರುತ್ತಿದ್ದವರಲ್ಲಿ ಕಡರನಾಯಕನಹಳ್ಳಿಯ ಹನುಮಂತಪ್ಪ ಎಂಬಾತ ಒಬ್ಬ. ಹೊಸದಾಗಿ ಮದುವೆಯಾಗಿದ್ದ, ಹೆಂಡತಿ ಊರಲ್ಲಿದ್ದಳು. ಚಿಕ್ಕಪ್ಪ ಇದ್ದ ಶೆಡ್ಡಿನಲ್ಲೇ ಅವನಿಗೂ ಕೆಲಸ. ಒಂದು ಸೋಮವಾರ ಅವನು ತುತ್ತು ಎತ್ತಿದವನು ಕೆಮ್ಮತೊಡಗಿದ. ಒಣಕೆಮ್ಮು, ಕೊನೆಯಲ್ಲಿ ಸಣ್ಣದೊಂದು ಸೀಟಿ. ಒಲೆಯ ಮುಂದಿದ್ದ ಚಿಕ್ಕಮ್ಮ ಕೈಯಲ್ಲಿನ ರೊಟ್ಟಿಯನ್ನು ಹಂಚಿಗೆ ಹಾಕುವುದನ್ನೇ ಮರೆತು ಕೂತಳು.

"ಎಷ್ಟು ದಿನ ಆತಪ್ಪ ಇದು?"

"ಏನಿಲ್ರವ್ವ. ರಜ ಮುಗಿಸಿ ಬಂದ ದಿನ ಅಷ್ಟೇ. ನಾಳೆಗೆ ಸರಿಹೋಗ್ತೈತೆ."

ಚಿಕ್ಕಮ್ಮನಿಗೆ ಆ ಮಾತು ಗೊತ್ತಿತ್ತು. ಅದೇ ಮಾತನ್ನು ಅವಳು ಆ ಮನೆಯಲ್ಲಿ, ಆ ಒಲೆಯ ಮುಂದೆ ಮೊದಲೂ ಕೇಳಿದ್ದಳು.

"ಮೇಲಿನವರಿಗೆ ಹೇಳು."

"ಹೇಳಿದ್ರೆ ಕೆಲಸಕ್ಕೆ ಬರಬ್ಯಾಡ ಅಂತಾರ್ರಿ. ನನ್ನ ಹೆಸರು ಎಲ್ಲೂ ಎತ್ತಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ಹೋದ ಮೇಲೆ ಚಿಕ್ಕಮ್ಮ ಅವನ ತಟ್ಟೆ ಎತ್ತುತ್ತ, "ಅವ್ನು ಬಾಯಿ ಬಿಟ್ರೆ ತೆಗೆದು ಹಾಕ್ತಾರೆ. ನನ್ನ ಯಾರು ತೆಗೀತಾರೆ?" ಎಂದಳು.

ಆ ಸಲದ ವರದಿ ಅಂಚೆಯಲ್ಲಿ ಬಂದಾಗ ಅವಳು ಅದನ್ನು ಪೂರ್ತಿ ಓದಿ ಹೇಳು ಎಂದು ಹಟ ಹಿಡಿದಳು. ನಾನು ಡಿಕ್ಷನರಿ ಹಿಡಿದು ಕೂತೆ. ಒಂದು ಪದ ಮತ್ತೆ ಮತ್ತೆ ಬರುತ್ತಿತ್ತು. ಯಂತ್ರಗಳ ಮುಂದೆ ಆ ಪದ, ಕಟ್ಟಡದ ಮುಂದೆ ಆ ಪದ. ಅರ್ಥ ಓದಿದರೂ ನನಗೆ ಬಗೆಹರಿಯಲಿಲ್ಲ. ಶನಿವಾರ ಇಬ್ಬರೂ ರೈಲು ಹತ್ತಿ ಹರಿಹರಕ್ಕೆ ಹೋಗಿ ಅಪ್ಪನನ್ನು ಕೇಳಿದೆವು. ಅಪ್ಪ ಹೊಳೆಯ ಮೆಟ್ಟಿಲ ಮೇಲೆ ಗಾಳಿಗೆ ಕೂತಿದ್ದರು.

"ಡಿಪ್ರಿಸಿಯೇಷನ್ನು. ಕನ್ನಡದಾಗೆ ಸವಕಳಿ ಅಂತಾರೆ," ಎಂದು ಅವರು ಪಾಠ ಮಾಡುವ ದನಿಯಲ್ಲೇ ಹೇಳಿದರು. "ಯಂತ್ರ ಓಡ್ತಾ ಓಡ್ತಾ ಸವೀತೈತೆ. ವರ್ಷಕ್ಕೆ ಇಷ್ಟು ಸವೀತು ಅಂತ ಲೆಕ್ಕ ಹಾಕಿ, ಆ ಮಟ್ಟಿಗೆ ಲಾಭದಾಗೆ ತೆಗೆದಿಡಬೇಕು. ಇಲ್ದಿದ್ರೆ ಲಾಭ ಅನ್ನೋದೇ ಸುಳ್ಳಾಗ್ತೈತೆ."

ಚಿಕ್ಕಮ್ಮ ಹೊಳೆಯನ್ನೇ ನೋಡುತ್ತಿದ್ದಳು. "ಹಂಗಾರೆ ಅದರ ಮುಂದೆ ನಿಂತೋರು ಸವೆದದ್ದು ಎಲ್ಲಿ ಬರೆದಾರೆ, ಭಾವ?"

ಅಪ್ಪ ಮಾಸ್ತರಿಕೆ ಮಾಡಿದ್ದು ಬಹಳ ವರ್ಷ. ಇಂಥ ಪ್ರಶ್ನೆಯನ್ನು ಯಾವ ಹುಡುಗನೂ ಅವರಿಗೆ ಕೇಳಿರಲಿಲ್ಲ. ತುಂಗಭದ್ರೆಯ ಮೇಲೆ ಬೆಳಕು ಕರಗುತ್ತಿತ್ತು. ಅವರು ವರದಿಯನ್ನು ಮಡಚಿ ಚಿಕ್ಕಮ್ಮನ ಕೈಗೆ ಕೊಟ್ಟು, "ಇದನ್ನ ನನ್ನ ಕೇಳಬ್ಯಾಡವ್ವ, ಅಲ್ಲಿ ಎದ್ದು ನಿಂತು ಕೇಳು," ಎಂದರು. ಷೇರನ್ನು ಇಸ್ಪೀಟಿಗೆ ಹೋಲಿಸುವುದನ್ನು ಅಂದಿಗೇ ಬಿಟ್ಟರು.

ಆ ವರ್ಷದ ಮೀಟಿಂಗೂ ಹಿಂದಿನದರಂತೆಯೇ ಓಡುತ್ತಿತ್ತು. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದು ಅಧ್ಯಕ್ಷರು ಮಾತಿಗೆ ಕೇಳಿ ಕಾಗದ ಮಡಚುತ್ತಿದ್ದರು. ಚಿಕ್ಕಮ್ಮ ಎದ್ದು ನಿಂತಳು. ಮುಂದಿನ ಕುರ್ಚಿಯ ಹಿಂಬದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ನಾನು ಇಂಗ್ಲಿಷು ಓದ್ದಾಕೆ ಅಲ್ರಿ. ಯಂತ್ರ ಸವೀತಾವೆ ಅಂತ ನೀವು ಬರ್ದಿದ್ದೀರಿ, ಕಟ್ಟಡ ಸವೀತೈತೆ ಅಂತ ಬರ್ದಿದ್ದೀರಿ. ಚಲೋ ಆತು. ಹಿಂಜೋ ಶೆಡ್ಡಿನಾಗೆ ಮನುಷ್ಯರು ಸವೀತಾರೆ. ನನ್ನ ಗಂಡ ಸವೆದು ಹೋದರು. ಅದನ್ನ ಯಾವ ಪುಟದಾಗೆ ಬರ್ದಿದ್ದೀರಿ ಅಂತ ಈ ಹುಡುಗಿ ಹುಡುಕಿದ್ಲು, ಸಿಗಲಿಲ್ಲ."

ಶಾಮಿಯಾನದ ಕೆಳಗೆ ತಲೆಗಳೆಲ್ಲ ಅವಳ ಕಡೆ ತಿರುಗಿದವು. ಒಳಗೆ ಯಂತ್ರಗಳು ಓಡುತ್ತಲೇ ಇದ್ದವು.

"ಹಾಗೆ ಬರೆಯುವ ಪದ್ಧತಿ ಲೆಕ್ಕದಲ್ಲಿ ಇಲ್ಲ, ತಾಯಿ," ಎಂದರು ಅಧ್ಯಕ್ಷರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಪದ್ಧತಿ ಇಲ್ಲಂದ್ರೆ ಸವೆಯಂಗಿಲ್ಲೇನ್ರಿ? ಧೂಳು ಹೊರಗೆ ಎಳೆಯೋ ಫ್ಯಾನು ಬಂದಾವಂತೆ. ಅವನ್ನ ಹಾಕಿಸ್ರಿ ಅಂತ ಕೇಳಾಕೆ ನಿಂತೀನಿ."

ಹಿಂದಿನ ಸಾಲಿನಿಂದ ಕೋಟು ಹಾಕಿದ ಒಬ್ಬರು, "ಅವೆಲ್ಲ ಹಾಕಿಸಿದ್ರೆ ಡಿವಿಡೆಂಡು ಇಳೀತೈತೆ ಕಣಮ್ಮ," ಎಂದರು. ಯಾರೋ ನಕ್ಕರು.

"ಇಳೀಲಿ ಬಿಡ್ರಿ. ನಂದೂ ಇಳೀತೈತಲ್ಲ," ಎಂದಳು ಚಿಕ್ಕಮ್ಮ.

ಆಗ ಮುಂದಿನ ಸಾಲಿನಲ್ಲಿ ದೊಡ್ಡ ರುಮಾಲಿನ ಮುದುಕರೊಬ್ಬರು ಕೋಲೂರಿ ಎದ್ದರು. ಕೊಕ್ಕನೂರಿನ ಸಿದ್ದಪ್ಪ, ಹತ್ತಿ ಬೆಳೆಯುವ ರೈತ, ಮಿಲ್ಲು ಹುಟ್ಟಿದಾಗಿನಿಂದ ಷೇರುದಾರ. "ಆ ತಾಯಿ ಕೇಳಿದ್ದಕ್ಕೆ ಉತ್ತರ ಆಗ್ಲಿ, ಸ್ವಾಮಿ," ಎಂದರು. "ಒಳಗೆ ಹೋಗೋ ಹತ್ತಿ ನಮ್ಮ ಹೊಲದ್ದು. ಅದು ಯಾರ ಎದ್ಯಾಗೆ ಹೋಗಿ ಕೂಡ್ತೈತೆ ಅಂತ ನಮಗೂ ತಿಳೀಬೇಕು." ಅವರ ಹಿಂದೆ ಇನ್ನೊಂದು ರುಮಾಲು ಎದ್ದಿತು, ಅದರ ಹಿಂದೆ ಮತ್ತೊಂದು.

ಅಧ್ಯಕ್ಷರು ಏನನ್ನೂ ಒಪ್ಪಿಕೊಳ್ಳಲಿಲ್ಲ. ವಿಚಾರ ಮಾಡುತ್ತೇವೆ ಎಂದರು. ಚಿಕ್ಕಮ್ಮ ನೇರವಾಗಿ ಗೇಟಿನ ಕಡೆ ನಡೆದಳು. ಆ ದಿನ ಶೆಡ್ಡು ನೋಡಬೇಕೆಂದು ಕೇಳುವುದನ್ನೂ ಅವಳು ಮರೆತಿದ್ದಳು.

ತಿಂಗಳುಗಳು ಹೋದವು, ಏನೂ ಆಗಲಿಲ್ಲ. ಹನುಮಂತಪ್ಪನ ಕೆಮ್ಮು ಹೆಚ್ಚಾಯಿತು. ಅವನು ಊರಿಗೆ ಹೋಗಿ ಮಲಗಿದ. ಚಿಕ್ಕಮ್ಮ ಊಟದ ಸಾಲಿನಲ್ಲಿ ಅವನ ಜಾಗ ಖಾಲಿ ಇಟ್ಟೇ ಬಡಿಸುತ್ತಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಊಟಕ್ಕೆ ಬಂದವರ ತಲೆ ಕಪ್ಪಾಗಿತ್ತು. ನಾನು ಗಮನಿಸಲಿಲ್ಲ, ಚಿಕ್ಕಮ್ಮ ಗಮನಿಸಿದಳು. ಶೆಡ್ಡಿಗೆ ದೊಡ್ಡ ದೊಡ್ಡ ಫ್ಯಾನು ಕೂರಿಸಿದ್ದಾರೆ, ಧೂಳೆಲ್ಲ ಕೊಳವೆಯಲ್ಲಿ ಹೊರಗೆ ಹೋಗುತ್ತದೆ ಎಂದರು. ಸೆಕ್ರೆಟರಿಯವರು ಹೇಳಿ ಕಳಿಸಿದ್ದರಿಂದ ಹನುಮಂತಪ್ಪನೂ ವಾಪಸು ಬಂದ. ಬಟ್ಟೆ ಮಡಚುವ ಕಡೆ ಅವನಿಗೆ ಕೆಲಸ ಕೊಟ್ಟರು. ಆ ಕೆಮ್ಮು ಪೂರ್ತಿ ಹೋಗಲಿಲ್ಲ, ಆದರೆ ಅವನು ಉಳಿದ. ಅವನ ಮಗಳ ನಾಮಕರಣಕ್ಕೆ ನಾವು ಕಡರನಾಯಕನಹಳ್ಳಿಗೆ ಗಾಡಿ ಕಟ್ಟಿಸಿಕೊಂಡು ಹೋಗಿದ್ದೆವು. ಮಗುವಿಗೆ ನೀಲಾ ಎಂದು ಹೆಸರಿಟ್ಟರು.

ಆ ವರ್ಷ ಡಿವಿಡೆಂಡು ನಿಜವಾಗಿಯೂ ಕಡಿಮೆ ಬಂತು. ಚಿಕ್ಕಮ್ಮ ಹೋಳಿಗೆ ಮಾಡಿದಳು. "ಕಡಿಮೆ ಬಂದೈತೆ, ನೋಡೇ, ಕಡಿಮೆ ಬಂದೈತೆ!" ಎಂದು ಪಕ್ಕದ ಮನೆಗೂ ಹೋಗಿ ಹೇಳಿ ಬಂದಳು. ಲಾಭ ಇಳಿದದ್ದಕ್ಕೆ ಹೋಳಿಗೆ ತಿಂದವರು ನಾವೇ ಇರಬೇಕು.

ಮುಂದಿನ ಮೀಟಿಂಗಿನ ದಿನ ಸೆಕ್ರೆಟರಿಯವರೇ ಬಂದು, "ಬರ್ರಿ ನೀಲಮ್ಮನವರೇ, ನೋಡುವಿರಂತೆ," ಎಂದು ಕರೆದುಕೊಂಡು ಹೋದರು. ಶೆಡ್ಡಿನ ಬಾಗಿಲಲ್ಲಿ ನಿಂತರೆ ಆಚೆ ತುದಿಯ ಗೋಡೆ ಕಾಣುತ್ತಿತ್ತು. ಗೋಡೆಯ ಮೇಲಿನ ಕ್ಯಾಲೆಂಡರು ಕಾಣುತ್ತಿತ್ತು. ಕೆಲಸದವರ ಮುಖ ಕಾಣುತ್ತಿತ್ತು, ಒಬ್ಬ ನಮ್ಮ ಕಡೆ ನೋಡಿ ನಕ್ಕ. ಚಿಕ್ಕಮ್ಮ ನಡೆದು ಹೋಗಿ ಅದೇ ಯಂತ್ರದ ಪಕ್ಕ, ನೆಲ ಸವೆದ ಕಡೆ ನಿಂತಳು. ಮುಖ ಮೇಲೆತ್ತಿದಳು. ಏನೂ ಇಳಿದು ಬರಲಿಲ್ಲ. ಗಾಳಿ ಬರಿದಾಗಿತ್ತು, ಸ್ವಚ್ಛವಾಗಿತ್ತು. ಸ್ವಲ್ಪ ಹೊತ್ತು ಹಾಗೆಯೇ ನಿಂತವಳ ಕಣ್ಣಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯಿತು.

ಹೊರಗೆ ಬಂದು ನಾನು, "ಯಾಕ ಚಿಕ್ಕಮ್ಮ? ನೀನು ಕೇಳಿದ್ದೇ ಆತಲ್ಲ," ಎಂದೆ.

"ಹೂಂ ಕಣೆ. ಚಲೋ ಆತು. ಎಲ್ಲಾರಿಗೂ ಚಲೋ ಆತು." ಸೆರಗಿನಿಂದ ಮುಖ ಒರೆಸಿಕೊಂಡಳು. "ಅವರಿದ್ದ ಜಾಗ ಮಾತ್ರ ಇನ್ನು ಇಲ್ಲ ನೋಡು."

ಆ ಮೇಲೆ ಅವಳು ಎಷ್ಟೋ ವರ್ಷ ಮೀಟಿಂಗಿಗೆ ಹೋದಳು, ಕುಡಿಯುವ ನೀರಿನ ಬಗ್ಗೆ, ಕೆಲಸದ ಹೆಂಗಸರ ಕೂಸುಗಳನ್ನು ಮಲಗಿಸಲು ನೆರಳಿನ ಬಗ್ಗೆ ಎದ್ದು ನಿಂತು ಕೇಳಿದಳು. ಕೆಲವು ಆದವು, ಕೆಲವು ಆಗಲಿಲ್ಲ. ಶೆಡ್ಡಿನ ಒಳಗೆ ಮಾತ್ರ ಮತ್ತೆ ಹೆಜ್ಜೆ ಇಡಲಿಲ್ಲ. ತನಗೆ ಅತಿ ಪ್ರಿಯವಾದ ಒಂದನ್ನು ತಾನೇ ಮುಂದೆ ನಿಂತು ಅಳಿಸಿ ಹಾಕಿಸಿ, ಆದದ್ದು ಒಳ್ಳೆಯದೆಂದು ಹೇಳಿ, ಅದಕ್ಕಾಗಿ ಹಂಬಲಿಸುವುದನ್ನೂ ಬಿಡದೆ ಬದುಕುವುದು ಹೇಗೆಂದು ನಾನು ಅವಳಲ್ಲಿ ನೋಡಿದೆ. ಕಲಿತೆನೆಂದು ಹೇಳಲಾರೆ.

ನನಗೆ ಮದುವೆಯಾಯಿತು, ಊರೂರು ತಿರುಗಿದೆ. ಚಿಕ್ಕಮ್ಮ ಹೋದಾಗ ಹೊತ್ತವರಲ್ಲಿ ಹನುಮಂತಪ್ಪನೂ ಇದ್ದ. ಕಾಲ ಕಳೆದಂತೆ ಮಿಲ್ಲುಗಳು ಒಂದೊಂದಾಗಿ ಕೂಗುವುದನ್ನು ನಿಲ್ಲಿಸಿದವು. ಷೇರಿಗೆ ಬೆಲೆ ಉಳಿಯಲಿಲ್ಲ. ನಾನು ಮತ್ತೆ ಈ ಊರಿಗೆ ಬಂದು ನೆಲೆಸುವಷ್ಟರಲ್ಲಿ ಆ ಕಾಂಪೌಂಡಿನ ಜಾಗದಲ್ಲಿ ಸೈಟು, ಮನೆ, ಔಷಧಿ ಅಂಗಡಿ ಬಂದಿದ್ದವು. ಆ ಕಡೆ ಹೋದಾಗ ಶೆಡ್ಡು ಎಲ್ಲಿತ್ತೆಂದು ಗುರುತು ಹಿಡಿಯಲು ನೋಡುತ್ತೇನೆ, ಆಗುವುದಿಲ್ಲ.

ಸಂಜೆ ಗಾದಿಯವನು ಹೋದ ಮೇಲೆ ಸಹನಾ ನನ್ನ ಪಕ್ಕ ಬಂದು ಕೂತು ಫೋನು ತೆಗೆದಳು. ಬ್ಯಾಂಕಿನಲ್ಲಿ ಕೆಲಸ ಅವಳಿಗೆ. ದಿನಕ್ಕೆ ಎಷ್ಟೋ ಸಲ ಆ ಹಸಿರು ಕೆಂಪು ಅಂಕಿಗಳನ್ನು ನೋಡುತ್ತಿರುತ್ತಾಳೆ.

"ಅಜ್ಜಿ, ನಿನ್ನ ಹೆಸರಿನಾಗೆ ಹೋದ ವರ್ಷ ಒಂದು ಕಂಪನಿ ಷೇರು ತಗೊಂಡಿದ್ನಲ್ಲ, ಇವತ್ತು ಚೆನ್ನಾಗಿ ಏರೈತೆ. ನಾಳೆ ಮಾರಿಬಿಡ್ಲಾ?"

ಇಷ್ಟು ದಿನ ನಾನು ಇಂಥ ಮಾತಿಗೆ, ನಿನಗೆ ತಿಳಿದಂತೆ ಮಾಡು ಎಂದು ಸುಮ್ಮನಾಗುತ್ತಿದ್ದೆ. ಅಂದು ಕೇಳಿದೆ.

"ಏನು ಮಾಡ್ತಾರೆ ಆ ಕಂಪನಿಯೋರು?"

ಅವಳಿಗೆ ಗೊತ್ತಿರಲಿಲ್ಲ. ಹುಡುಕಿ, "ನೀರಿನ ಪೈಪು ಮಾಡ್ತಾರಂತೆ," ಎಂದಳು.

"ಎಲ್ಲಿ?"

ಮತ್ತೆ ಹುಡುಕಿದಳು. ನಮ್ಮಿಂದ ಬಸ್ಸಿನಲ್ಲಿ ಒಂದು ಹಗಲಿನ ದಾರಿ, ನಾನು ಹೆಸರು ಕೇಳದ ಒಂದು ಸಣ್ಣ ಊರು.

"ಮೀಟಿಂಗ್ ಯಾವಾಗ?"

ಸಹನಾ ನನ್ನ ಮುಖ ನೋಡಿದಳು. "ಈಗ ಅದೆಲ್ಲ ಫೋನಿನಾಗೇ ನಡೀತೈತೆ ಅಜ್ಜಿ. ಮಾತಾಡಬೇಕಂದ್ರೆ ಮೊದಲೇ ಹೆಸರು ಕೊಡ್ಬೇಕು. ಯಾಕ, ಏನು ಕೇಳ್ತೀಯ?"

"ಇನ್ನೂ ಗೊತ್ತಿಲ್ಲ. ಮಾರಬ್ಯಾಡ. ಹೆಸರು ಕೊಡು. ಅವರ ವರದಿ ತೆಗೆದು ಓದು, ಅಲ್ಲಿ ಕೆಲಸ ಮಾಡೋರ ಬಗ್ಗೆ ಎಲ್ಲಿ ಬರ್ದಾರೆ ನೋಡಾನ."

ಅವಳು ನಗಲಿಲ್ಲ. ದರದ ಪುಟ ಮುಚ್ಚಿ, ವರದಿ ತೆರೆದು, ಬೆರಳಿನಿಂದ ಒಂದೊಂದೇ ಹಾಳೆ ಸರಿಸುತ್ತ ಹೋದಳು. ಹೊರಗೆ ಕತ್ತಲಾಗುತ್ತಿತ್ತು, ದೀಪ ಹಾಕಲು ಇಬ್ಬರೂ ಏಳಲಿಲ್ಲ. ಅವಳು ಇನ್ನೂ ಹುಡುಕುತ್ತಿದ್ದಳು.